ಯಮುನಾಬಾಯಿಯ ವಿಚಾರ ಹೆಚ್ಚಾದದ್ದು

ಲಕ್ಷ್ಮೇಶ್ವರದ ಯಮುನಾಬಾಯಿ ಜನ್ಮದಲ್ಲಿ ‘ಇಲ್ಲ’ ಅಂದವರಲ್ಲ. ಡಬ್ಬಿ ಬರಿದಾದರೆ ಅಕ್ಕಿ ಹೆಚ್ಚಾಯಿತು, ಬಳೆ ಒಡೆದರೆ ಬಳೆ ಹೆಚ್ಚಿತು ಅನ್ನುವರು. ಮುಗಿಯಿತು ಅಂದಾಗ ಮೇಲಿನ ಅಸ್ತು ದೇವತೆಗಳು ‘ತಥಾಸ್ತು’ ಅಂದುಬಿಟ್ಟರೆ? ಎಲ್ಲರ ಮನೆಯಲ್ಲೂ ಹೀಗೇ ಅನ್ನುತ್ತಾರೆ, ಖರೆ. ಈಕೆಯದು ಅತಿಯಾಯಿತು. ಸೊಸೆ ನರ್ಮದಾ ಹಡೆದ ಮೇಲಂತೂ ಕೂಸನ್ನು ಎತ್ತಿದಾಗೆಲ್ಲ ಅದು ಹಿತ್ತಲ ಬಾವಿಗೆ ಜಾರಿದಂತೆಯೇ ಕಾಣುವುದು. ತಡೆಯಲಾರದೆ ಸೊಸೆಯ ಮುಂದೆ ಹೇಳಿಕೊಂಡು ಅತ್ತರು. ಅಂದಿನಿಂದ ಕೂಸು ಅವರ ಕೈಗೆ ಸಿಗಲಿಲ್ಲ.

ಎಂಬತ್ನಾಲ್ಕನೇ ಇಸವಿಯಲ್ಲಿ ಮಗ ಶ್ರೀನಿವಾಸ ಅವರನ್ನು ದಿನಾ ಬಸ್ಸಿನಲ್ಲಿ ಗದುಗಿನ ಆಸ್ಪತ್ರೆಗೆ ಕರೆದೊಯ್ಯತೊಡಗಿದ. ಮುಂಜಾನೆ ಹೋಗಿ ಸಂಜೆ ಬರುವ ಉಪಚಾರ. ಗುಳಿಗೆ ನುಂಗಬೇಕು, ನಾಲ್ಕು ಮಂದಿಯ ನಡುವೆ ಬೆಂಚಿನ ಮೇಲೆ ಕೂತು ಮನಸ್ಸಿನ ಹೊಲಸನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಥೂ, ಇದೂ ಒಂದು ಔಷಧವೇ! ಡಾಕ್ಟರನೋ, ಪುಸ್ತಕ ಓದಿ ಕನ್ನಡ ಕಲಿತ ಕೇರಳದ ಹುಡುಗ. ಮೂಗು ಮುರಿಯುತ್ತಲೇ ಹೋದರು, ಕೂಸಿನ ಆಸೆಗೆ.

ಆದರೂ ಗುಣ ಬಿತ್ತು. ಬಾವಿ ಕಾಣುವುದು ನಿಂತಿತು.

“ಕೆಟ್ಟ ವಿಚಾರ ಹೆಚ್ಚಾಗ್ಯಾವ್ರಿ,” ಅಂದರು ಹಿಗ್ಗಿನಿಂದ. “ಕೂಸಿನ್ನ ಎತ್ಕೊಳ್ಳಲೇನ್ರಿ?”

“ಈಗ ಬೇಡ,” ಅಂದ ಡಾಕ್ಟರು ಮುಖ ಸಣ್ಣದು ಮಾಡಿ ಗುಳಿಗೆ ಏರಿಸಿದ.

ಮರುವಾರ “ಪೂರ್ತಿ ಹೆಚ್ಚಾಗ್ಯಾವ್ರಿ” ಅಂದರು. ಗುಳಿಗೆ ಮತ್ತೂ ಏರಿತು. ಯಮುನಾಬಾಯಿಯ ನೆತ್ತಿಗೇರಿತು.

“ಹೆಚ್ಚಾದ್ವು ಅಂದ್ರೂ ಗುಳಿಗಿ ಕೊಡ್ತೀರಲ್ರಿ! ಅಕ್ಕಿ ಹೆಚ್ಚಾತು ಅಂದ್ರ ನಿಮ್ಮ ಮನ್ಯಾಗ ಕುಣೀತಾರೇನು? ನಾವು ಅಂಗಡಿಗೆ ಓಡ್ತೀವಿ!”

ಡಾಕ್ಟರು ಪೆನ್ನು ಕೆಳಗಿಟ್ಟ. “ಮುಗಿದಿದೆ ಅಂತಲೇ? ಹಾಗಾದರೆ ನೇರವಾಗಿ ಹೇಳಿ, ಅಮ್ಮ.”

ಯಮುನಾಬಾಯಿ ಬೆವೆತರು. ಬೆಂಚು ಹಿಡಿದುಕೊಂಡರು. “ಇಲ್ಲ,” ಅಂದರು. “ಕೆಟ್ಟ ವಿಚಾರ ಇಲ್ಲ.” ಮೇಲೆ ನೋಡಿದರು. ಫ್ಯಾನು ತಿರುಗುತ್ತಿತ್ತು, ಮತ್ತೇನೂ ಆಗಲಿಲ್ಲ.

“ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಿ,” ಅಂದ ಡಾಕ್ಟರು.

ಆಗ ಅವರು ಮಗನತ್ತ ತಿರುಗಿದರು. ಇಷ್ಟು ದಿನವೂ ಪಕ್ಕದಲ್ಲೇ ಗೂಟದಂತೆ ಕೂತಿದ್ದ ಶಾಣ್ಯಾ.

“ಅಂವಗ ಕನ್ನಡ ಬರಂಗಿಲ್ಲ. ನಿನಗೇನಾಗಿತ್ತೋ?”

ಶ್ರೀನಿವಾಸ ನೆಲ ನೋಡಿದ. “ನರ್ಮದಾ ಅಂಜತಾಳವ್ವಾ. ಇನ್ನಷ್ಟು ದಿನ ಹಿಂಗ ನಡೀಲಿ ಅಂತ...”

ಯಮುನಾಬಾಯಿ ಬೈಯಲಿಲ್ಲ. ಬೈಗುಳ ದಂಡವಾದೀತು ಅನ್ನಿಸಿತು.

ಬಸ್ಸಿನಲ್ಲಿ ಮಗ ಒಂದು ಪಕ್ಕ, ಬುಟ್ಟಿ ಹೊತ್ತು ಬಂದ ಮುದುಕವ್ವ ಇನ್ನೊಂದು ಪಕ್ಕ. ಮುದುಕವ್ವ ಮಾತಿಗೆಳೆದಳು: “ಗಂಡಮಕ್ಕಳು ಎಷ್ಟ ಮಂದಿ ಬೇ?”

“ಒಬ್ಬ ಇದ್ದನವಾ,” ಅಂದರು ಯಮುನಾಬಾಯಿ, ಕೂಸಿಗಾಗಿ ಮಡಿಲು ಕೊಡವಿಕೊಳ್ಳುತ್ತ. “ಹೆಚ್ಚಾಗ್ಯಾನ.”