ಅಥಣೀಕರ ಸಾಹೇಬರ ಕಪಾಟು

ಎಂಜಿನಿಯರನೊಬ್ಬನನ್ನು ರೂಪಿಸುವ ಶಕ್ತಿಗಳು ಮೂರು: ಗುರು, ಗ್ರಂಥ ಮತ್ತು ಗುರುತ್ವಾಕರ್ಷಣೆ. ಮೊದಲಿನ ಎರಡು ಆಗಾಗ ರಜೆ ಹಾಕುತ್ತವೆ. ಮೂರನೆಯದಕ್ಕೆ ಭಾನುವಾರವೂ ಇಲ್ಲ. ಈ ಕಾರಣಕ್ಕಾಗಿಯೇ ಪುಣೆಯ ನಮ್ಮ ಆಫೀಸಿನಲ್ಲಿ ಅಥಣೀಕರ ಸಾಹೇಬರನ್ನು ಇಟ್ಟುಕೊಂಡಿದ್ದರೆಂದು ಕಾಣುತ್ತದೆ.

ಕಾರ್ಖಾನೆಗಳ ಉಕ್ಕಿನ ಶೆಡ್ಡಿಗೆ ಕಂಬ ಎಷ್ಟು ದಪ್ಪ, ತೊಲೆ ಎಷ್ಟು ಆಳ ಎಂದು ಲೆಕ್ಕ ಹಾಕಿ ಕೊಡುವುದು ನಮ್ಮ ಕಸುಬು. ಹೊಸದಾಗಿ ಸೇರಿದವರು ಯಾವ ಪುಸ್ತಕ ಓದಬೇಕು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸುವುದು ಸಾಹೇಬರ ಅಧಿಕಾರ. ಅದನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಬೇರೆ ಯಾರಿಗೂ ಬೇಡವಾಗಿತ್ತು, ಅವರ ಹತ್ತಿರ ಉಳಿದಿತ್ತು. ಬಡಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ, ಬಡಗಿಯವರ ಹಾಗೆ ಕಿವಿಯ ಮೇಲೊಂದು ಪೆನ್ಸಿಲ್. ಪುಸ್ತಕವನ್ನು ಯಾವಾಗಲೂ ಹಿಂದಿನಿಂದ ತೆರೆಯುತ್ತಿದ್ದರು. “ಮುನ್ನುಡಿ ಒಳಗ ಎಲ್ಲಾರೂ ಶಾಣ್ಯಾರ ಇರ್ತಾರ್ರೀ. ಕಡೀ ಅಧ್ಯಾಯಕ್ಕ ಬರೂದ್ರಾಗ ಗೊತ್ತಾಗ್ತದ.”

ನಾನು ಸೇರಿದ ಹೊಸತರಲ್ಲಿ ಒಮ್ಮೆ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗೆ ಕರೆದುಕೊಂಡು ಹೋದರು. ನಾನು ತುಮಕೂರಿನವನು. ಅವರಿಗೆ ತುಂಗಭದ್ರೆಯಿಂದ ಆಚೆಗೆಲ್ಲ ಮೈಸೂರೇ. ನನ್ನ ಹೆಸರೂ ಅದೇ ಆಗಿಹೋಗಿತ್ತು.

“ಬರ್ರಿ ಮೈಸೂರು, ಇದನ್ನ ನೋಡ್ರಿ,” ಎಂದು ಸ್ಟೂಲಿನ ಮೇಲೆ ಕೂತು ದಪ್ಪ ಪುಸ್ತಕವೊಂದನ್ನು ಬಿಚ್ಚಿದರು. ಬಿಡಿಸಿದ ಲೆಕ್ಕವೊಂದು ‘ಸೂಕ್ತವಾದ ಒಂದು ಅಳತೆಯನ್ನು ಊಹಿಸಿಕೊಳ್ಳಿ’ ಎಂದು ಶುರುವಾಗಿತ್ತು. ಟಪ್ಪನೆ ಮುಚ್ಚಿದರು. “ಸೂಕ್ತ ಯಾವ್ದು ಅಂತ ಗೊತ್ತಿದ್ರ ಇಂವನ ಪುಸ್ತಕ ಯಾಕ ಬೇಕಿತ್ರಿ ನಮಗ?”

ಹೀಗೆ ಏಳು ಗ್ರಂಥಗಳು ಮುಚ್ಚಿದವು. ಅಂಗಡಿಯವನು ಮರಾಠಿಯಲ್ಲಿ, “ಸಾಹೇಬ, ಇದು ಗ್ರಂಥಾಲಯ ಅಲ್ಲ,” ಎಂದ. ಸಾಹೇಬರೂ ಮರಾಠಿಯಲ್ಲೇ, “ಅದಕ್ಕೇ ಇಲ್ಲಿಗೆ ಬಂದೆ. ಅಲ್ಲಿ ಪುಸ್ತಕವನ್ನು ಬೈದರೆ ಹೊರಗೆ ಹಾಕುತ್ತಾರೆ,” ಎಂದರು. ಎಂಟನೆಯದನ್ನು ಕೊಂಡೆವು.

ಅವರ ಸ್ವಂತ ಪುಸ್ತಕ ಒಂದಿತ್ತು. ಕಾಲೇಜು ದಿನಗಳದ್ದು, ಎರಡು ಸಲ ಹೊಲಿಗೆ ಹಾಕಿಸಿದ್ದು. ತೆಳ್ಳನೆಯ ಕಂಬ ಮುರಿಯುವ ಮೊದಲೇ ಏಕೆ ಬಾಗುತ್ತದೆ ಎಂಬುದನ್ನು ಅಷ್ಟು ತಿಳಿಯಾಗಿ ಹೇಳಿದ ಇನ್ನೊಂದು ಪುಸ್ತಕ ನನಗೆ ಇವತ್ತಿಗೂ ಸಿಕ್ಕಿಲ್ಲ. ಅಂಚಿನ ತುಂಬ ಸಾಹೇಬರ ಕನ್ನಡ ಟಿಪ್ಪಣಿ. ‘ಇಲ್ಲಿ ಮಲಗಬ್ಯಾಡ’ ಎಂದು ಒಂದು ಕಡೆ. ಅದು ಕಂಬಕ್ಕೋ ಓದುವವನಿಗೋ ಗೊತ್ತಾಗುತ್ತಿರಲಿಲ್ಲ. ಆ ಪುಸ್ತಕವನ್ನು ನನಗೆ ಓದಲು ಕೊಟ್ಟರು. ಹೊಸದಾಗಿ ಕೊಂಡದ್ದೂ ಅದರ ಪಕ್ಕದಲ್ಲಿ, ಆಫೀಸಿನ ಅವರ ಕಪಾಟಿನಲ್ಲೇ ಇತ್ತು.

ಇಲ್ಲಿ ನನ್ನ ಪ್ರತಾಪವನ್ನು ಹೇಳಬೇಕು. ಸಾಹೇಬರ ಪುಸ್ತಕದ ಹಳೆಯ ಪದ್ಧತಿಯಲ್ಲಿ ಭಾರವನ್ನು ಇದ್ದಷ್ಟೇ ಹಿಡಿದು, ಉಕ್ಕಿನ ಬಲವನ್ನು ಕಡಿಮೆ ಮಾಡಿ ಎಣಿಸುತ್ತಾರೆ. ಅಂಗಡಿಯಲ್ಲಿ ಕೊಂಡದ್ದರ ಹೊಸ ಪದ್ಧತಿಯಲ್ಲಿ ಭಾರವನ್ನು ಒಂದೂವರೆ ಪಟ್ಟು ಹೆಚ್ಚಿಸಿ, ಬಲವನ್ನು ಹೆಚ್ಚುಕಡಿಮೆ ಪೂರ್ತಿ ಎಣಿಸುತ್ತಾರೆ. ಎರಡೂ ಸರಿ. ನಾನು ಶಿರೂರಿನ ಒಂದು ಶೆಡ್ಡಿಗೆ ಭಾರವನ್ನು ಹಳೆಯ ಪುಸ್ತಕದಂತೆಯೂ ಬಲವನ್ನು ಹೊಸ ಪುಸ್ತಕದಂತೆಯೂ ಹಿಡಿದೆ. ಎರಡೂ ಮನೆಯಲ್ಲಿ ಉಂಡು ಯಾರ ಮನೆಯಲ್ಲೂ ಎಲೆ ಎತ್ತದ ಬೀಗರ ಹಾಗೆ. ಸುರಕ್ಷತೆಗೆಂದು ಇರಬೇಕಾದ ಉಳಿಕೆ ಎರಡೂ ಕಡೆಯಿಂದ ಹೋಯಿತು. ಕಂಬಗಳು ಬಹಳ ಚೆಂದ, ತೆಳ್ಳಗೆ ಬಂದವು. ಸಾಹೇಬರು ರಜೆಯಲ್ಲಿದ್ದರು. ನಕ್ಷೆ ಉಕ್ಕು ಕತ್ತರಿಸಲು ಶಿರೂರಿನ ವರ್ಕ್‌ಶಾಪಿಗೆ ಹೋಯಿತು.

ರಜೆ ಮುಗಿಸಿ ಬಂದವರು ಅದರ ಪ್ರತಿಯನ್ನು ನೋಡುತ್ತ, “ಈ ಕಂಬ ಉಪಾಸ ಹಿಡದದೇನ್ರಿ ಮೈಸೂರು? ಇಷ್ಟ್ಯಾಕ ಸೊರಗೇದ?” ಎಂದರು. ಆಮೇಲೆ ನನ್ನ ಲೆಕ್ಕದ ಹಾಳೆಗಳನ್ನು ತೆಗೆದುಕೊಂಡರು. ಎರಡನೆಯ ಹಾಳೆಯಲ್ಲಿ ಪೆನ್ಸಿಲ್ ನಿಂತಿತು. ಬೈಯಲಿಲ್ಲ. “ಉಕ್ಕು ಕತ್ತರಸ್ಲಿಕ್ಕೆ ಹತ್ಯಾರೇನು?”

“ಗೊತ್ತಿಲ್ಲ ಸಾರ್. ಫೋನ್ ಎತ್ತುತ್ತಿಲ್ಲ.”

“ಏಳ್ರಿ.”

ಬಸ್ಸಿನಲ್ಲಿ ಹೋದೆವು. ನಾಲ್ಕು ಕಂಬಗಳಿಗೆ ಆಗಲೇ ಕತ್ತರಿ ಬಿದ್ದಿತ್ತು. ವರ್ಕ್‌ಶಾಪಿನ ಮಾಲೀಕ ಅಂಗಳಕ್ಕೆಲ್ಲ ಕೇಳುವಂತೆ, “ಚೂಕ ಕೋಣಾಚೀ?” ಎಂದು ಕೂಗಿದ. ತಪ್ಪು ಯಾರದು ಎಂದು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, “ಮಾಝೀ,” ಎಂದರು. ನನ್ನದು.

ವಾಪಸು ಬರುವಾಗ ನಾನು ಕ್ಷಮೆ ಕೇಳಲು ಹೋದೆ. “ಸುಮ್ಮ ಕೂಡ್ರಿ. ದೊಡ್ಡಸ್ತನಾ ತೋರ್ಸ್ಲಿಕ್ಕೆ ‘ಮಾಝೀ’ ಅಂದಿಲ್ಲ ನಾನು. ಎರಡು ಪದ್ಧತಿ ಒಂದ ಕಪಾಟದಾಗ ಇಟ್ಟಂವ ಯಾರು? ಹೊಸಬರಿಗೆ ಎರಡು ದಾರಿ ತೋರ್ಸಬಾರದ್ರಿ, ನಡುವ ನಡೀತಾರ.” ಮರುದಿನ ತಮ್ಮ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದರು.

ಅವರು ನಿವೃತ್ತರಾದ ಮೇಲೆ ಅವರ ಕುರ್ಚಿ, ಕಪಾಟು, ಸೊಂಟನೋವು ಮೂರೂ ನನಗೆ ಬಂದವು. ಈ ವರ್ಷ ಐದು ಜನ ಹೊಸಬರು ಸೇರಿದರು. ಅವರಿಗೆ ಮೂರು ಪುಸ್ತಕ ಸೂಚಿಸಿರೆಂದು ಮೇಲಿನಿಂದ ಹೇಳಿದರು. ಎರಡು ಆರಿಸಿದೆ. ಕಂಬ ಏಕೆ ಬಾಗುತ್ತದೆ ಎಂದು ಕೇಳಿದರೆ ಈ ಐವರೂ ಕಂಪ್ಯೂಟರಿನ ಕಡೆ ನೋಡುತ್ತಾರೆ. ಕೂತು ಹೇಳಿಕೊಡುವ ತ್ರಾಣ ನನಗೆ ಉಳಿದಿಲ್ಲ. ನನ್ನ ಬದಲು ಸಾಹೇಬರ ಪುಸ್ತಕ ಹೇಳಲಿ ಎಂದು ಮೂರನೆಯ ಸಾಲಿನಲ್ಲಿ ಅದರ ಹೆಸರು ಬರೆದು, ಫೋನಿನಲ್ಲಿ ವಿಷಯ ತಿಳಿಸಿ, ಕಾತ್ರಜದ ಅವರ ಮನೆಗೆ ಹೋದೆ.

ಸಾಹೇಬರು ಅರ್ಧ ಆಗಿಹೋಗಿದ್ದರು. ಅವರ ಹೆಂಡತಿ ಚಹಾ ಕೊಡುತ್ತ, “ನಿನ್ನಿ ನಿಮ್ಮ ಫೋನ್ ಬಂದಾಗಿಂದ ಕೂತಲ್ಲೆ ಕೂತಿಲ್ರೀ ಇವರು. ತಾವಾ ಆ ಪುಸ್ತಕಕ್ಕ ಹೊಸಾ ರಟ್ಟು ಹಾಕ್ಯಾರ. ಹುಡುಗುರು ಓದ್ತಾರ ಅಂತ,” ಎಂದರು.

“ನೀ ಒಳಗ ನಡಿ,” ಎಂದರು ಸಾಹೇಬರು. ಅವರು ಹೋಗಲಿಲ್ಲ.

ಪಟ್ಟಿಯನ್ನು ಕೈಗೆ ಕೊಟ್ಟೆ. ಕೆಳಗಿನಿಂದ ಮೇಲಕ್ಕೆ ಓದಿದರು. ತಮ್ಮ ಪುಸ್ತಕದ ಹೆಸರಿನ ಮೇಲೆ ಬೆರಳು ಬಹಳ ಹೊತ್ತು ಇತ್ತು.

“ಮ್ಯಾಲಿನ ಎರಡೂ ಹೊಸಾ ಪದ್ಧತಿವು?”

“ಹೌದು ಸಾರ್.”

“ಹಂಗಾರ ಇದು ಅಲ್ಲೆ ಹ್ಯಾಂಗ ಕೂಡ್ತದ?”

“ಬೇರೆ ಹಲಗೆಯಲ್ಲಿ ಇಡ್ತೀನಿ ಸಾರ್. ‘ಹಳೇ ಪದ್ಧತಿ’ ಅಂತ ಚೀಟಿ ಅಂಟಿಸ್ತೀನಿ.”

“ಅವತ್ತ ನಿಮಗ ಕೊಟ್ಟಾಗ ಮೊದಲನೇ ಹಾಳ್ಯಾಗ ಅದನ್ನ ಬರದಿದ್ದೆ. ಕೆಂಪು ಮಸಿಲೆ. ಓದಿದ್ರೇನು?”

ಓದಿರಲಿಲ್ಲ. ಹಾಗೆಂದು ಹೇಳಿದೆ.

“ನೀವು ಭಾಳ ಶಾಣ್ಯಾ ಇದ್ರಿ ಮೈಸೂರು. ನೀವಾ ಓದ್ಲಿಲ್ಲ. ಇವರು ಐದು ಮಂದಿ,” ಎಂದು ನನ್ನ ಜೇಬಿನ ಪೆನ್ನು ತಾವೇ ತೆಗೆದುಕೊಂಡು ಮೂರನೆಯ ಸಾಲಿಗೆ ಗೀಟು ಎಳೆದರು. ಸರಿಯಾಗಿ ಬೀಳಲಿಲ್ಲವೆಂದು ಇನ್ನೊಮ್ಮೆ ಎಳೆದರು.

“ಮತ್ತ ರಟ್ಟು ಯಾಕ ಹಾಕಿದ್ರಿ?” ಎಂದು ಅವರ ಹೆಂಡತಿ ಕೇಳಿದರು.

“ಧೂಳು ಕೂಡಬಾರದಂತ,” ಎಂದರು ಸಾಹೇಬರು. “ಚಹಾ ಆರ್ತದ, ಕುಡೀರಿ.”

ಅದೇ ಕೊನೆಯ ಭೇಟಿ. ಮುಂದಿನ ತಿಂಗಳು ಅವರು ತೀರಿಕೊಂಡರು. ಪಟ್ಟಿ ಮಂಜೂರಾಗಿ ಬಂತು. ಅದರಲ್ಲಿ ಎರಡು ಪುಸ್ತಕಗಳಿವೆ.