ಅತ್ತೆಯ ಸೊಂಟನೋವು

ನಮ್ಮ ಕಡೆಯ ವಯಸ್ಸಾದ ಹೆಂಗಸರಿಗೆಲ್ಲ ಒಂದೇ ಕಾಯಿಲೆ, ಸೊಂಟನೋವು. ಭತ್ತಕ್ಕೊಂದು ಹೆಸರು, ಕುಟ್ಟಿದರೆ ಇನ್ನೊಂದು, ಬೆಂದರೆ ಮತ್ತೊಂದು, ಹುರಿದು ಅರಳಿದರೆ ಮಗದೊಂದು ಎಂದು ಧಾರಾಳವಾಗಿ ಹೆಸರಿಟ್ಟ ನಮ್ಮ ಭಾಷೆ ಹೆಣ್ಣಿನ ಕಿಬ್ಬೊಟ್ಟೆಯ ಸಂಕಟಗಳ ಮುಂದೆ ಮಾತ್ರ ಯಾಕೋ ತಲೆತಗ್ಗಿಸಿ ನಿಂತುಬಿಟ್ಟಿದೆ.

ನನ್ನ ಅತ್ತೆಗೂ ಅದೇ ಇತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೂರ್ನಾಡಿನ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ಅತ್ತೆ ನಾಟಿಗೆ ಇಳಿದರೆ ಹರೆಯದವರು ಹಿಂದೆ ಬೀಳುತ್ತಿದ್ದರು. ಅಂಥವರು ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಬಸ್ಸು ಹತ್ತುವುದನ್ನೂ ಬಿಟ್ಟರು. ನೆಂಟರು ಜಂಬ ಎಂದರು. ನಾನು ಕೇಳಿದರೆ, ಮನೆಯ ಹುಡುಗಿಯನ್ನು ಕರೆದಂತೆ, "ಎಂತ ಇಲ್ಲೆ ಗೂಡೆ, ಸೊಂಟನೋವು." ನಾನೋ, ನಾಲ್ಕಕ್ಷರ ಕಲಿತ ಸೊಸೆ, ಎಣ್ಣೆ ಕಾಸಿ ತಿಕ್ಕಿದ್ದೇ ತಿಕ್ಕಿದ್ದು. ಸೊಂಟ ನುಣುಪಾಯಿತು, ನೋವು ಹೋಗಲಿಲ್ಲ.

ಒಂದು ಬೆಳಿಗ್ಗೆ ಹಂಡೆಗೆ ನೀರು ತುಂಬುತ್ತಿದ್ದವರು ಕೊಡ ಇಳಿಸಿ ಬಚ್ಚಲ ಗೋಡೆಗೆ ಒರಗಿದರು. ಮುಖ ಬಿಳಿಚಿತ್ತು. ಸೀರೆಯಲ್ಲಿ ರಕ್ತದ ಕಲೆ. ನಾನು ಬಾಗಿಲು ಮುಚ್ಚಿ ಅವರನ್ನು ಕೂರಿಸಿದೆ.

"ಹೇಳಿಕೆ ನಾಚಿಕೆ ಆದೆ," ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. ಕೊನೆಯ ಹೆರಿಗೆಯ ಬಾಣಂತನ ಮುಗಿಯುವ ಮೊದಲೇ ಹುಲ್ಲಿನ ಹೊರೆ ಹೊತ್ತಿದ್ದರಂತೆ. ಅಂದಿನಿಂದ ಗರ್ಭಕೋಶ ಕೆಳಗೆ ಜಾರಿ ಬರುತ್ತಿತ್ತು. ಬಟ್ಟೆ ಕಟ್ಟಿ ತಡೆಯುವುದು, ಆ ಬಟ್ಟೆಯನ್ನು ಯಾರಿಗೂ ಕಾಣದಂತೆ ಒಗೆದು ಒಣಗಿಸುವುದು, ಇದೇ ಬದುಕಾಗಿತ್ತು. ಆ ಕೊನೆಯ ಕೂಸೇ ನನ್ನ ಗಂಡ. ಅವರಿಗೆಷ್ಟು ವಯಸ್ಸೋ ಆ ನೋವಿಗೂ ಅಷ್ಟೇ ವಯಸ್ಸು.

ನಾನೇ ಒತ್ತಾಯಿಸಿ ಮಡಿಕೇರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಪರೀಕ್ಷಿಸಿ, ಆಪರೇಷನ್ ಮಾಡಿದರೆ ಗುಣವಾಗುತ್ತದೆ, ಯಜಮಾನರು ಬಂದು ಒಪ್ಪಿಗೆ ಕೊಡಬೇಕು ಎಂದರು. ಅತ್ತೆ ಎದ್ದೇಬಿಟ್ಟರು. "ಅವ್ಕೆ ಹೇಳ್ದು ಬೇಡ. ನಂಗೆ ಆಪರೇಷನೂ ಬೇಡ. ನಡಿ ಮನೆಗೆ."

ಅತ್ತೆಯ ಮಾತು ಮೀರಿ ಮಾವನಿಗೆ ನಾನೇ ಹೇಳಿದೆ, ಕಣದಲ್ಲಿ, ಭತ್ತದ ರಾಶಿಯ ಮೇಲೆ ಕಣ್ಣಿಟ್ಟು. ಅವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಆ ಹೊರೆ ಹೊರ್ಸಿದ್ ನಾನೇ," ಎಂದರು. "ಇಷ್ಟ್ ವರ್ಷ ಒಟ್ಟಿಗಿದ್ದ್ ನಂಗೆ ಗೊತ್ತೇ ಆತ್ಲೆ." ಮತ್ತೆ ಒಳಗೆ ಹೋಗಿ ಅತ್ತೆಯ ಮುಂದೆ ನಿಂತರು. "ನೀ ಹೊರ್ಡ್. ನಾನೂ ಬನ್ನೆ."

ಅತ್ತೆ ಹಟ ಮಾಡಲಿಲ್ಲ. ಸದ್ದಿಲ್ಲದೆ ಅತ್ತರು, ಹೊರಟರು.

ಗುಣವಾಗಿ ಮರಳಿದ ಮೇಲೆ ಅವರು ಭಾರ ಎತ್ತುವಂತಿರಲಿಲ್ಲ. ಬಾವಿಯ ನೀರನ್ನು ಮಾವನೇ ತಂದರು, ಅರ್ಧ ಹಂಡೆಗೆ, ಅರ್ಧ ಅಂಗಳಕ್ಕೆ. ಅತ್ತೆಯನ್ನು ನೋಡಲು ಬಂದ ಹೆಂಗಸರು ಕಾಫಿ ಕುಡಿದು ಹೋದರು. ಪಕ್ಕದ ಮನೆಯ ಸೀತಕ್ಕ ಮಾತ್ರ ಏಳಲಿಲ್ಲ. ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ, "ಆ ಡಾಕ್ಟ್ರಮ್ಮ ಬೈದವೆನಾ?" ಎಂದು ಕೇಳಿದರು.

ಅತ್ತೆ ಅವರನ್ನೇ ನೋಡಿದರು. ಚಾಪೆಯನ್ನು ಹತ್ತಿರಕ್ಕೆಳೆದುಕೊಂಡು ಮೆಲ್ಲಗೆ ಕೇಳಿದರು: "ನಿಂಗೆ ಎಷ್ಟ್ ವರ್ಷಂದ ಉಟ್ಟು ಈ ಸೊಂಟನೋವು?"

ಮುಂದಿನ ವಾರ ಇಬ್ಬರೂ ಮಡಿಕೇರಿ ಬಸ್ಸು ಹತ್ತಿದರು. ದಾರಿಯಲ್ಲಿ ಕೇಳಿದವರಿಗೆಲ್ಲ ಸಂತೆಗೆ ಎಂದರಂತೆ. ಇರಲಿ. ನಾಚಿಕೆ ಪೂರ್ತಿ ಹೋಗಲು ಕಾಲ ಬೇಕು. ಅಷ್ಟರೊಳಗೆ ರೋಗ ಹೋದರೆ ಸಾಕು.