ಸುತ್ತಿಗೆಯ ಗುರುತು

ವಿದ್ಯುತ್ ನಷ್ಟ ಅಳೆಯುವ ಮೀಟರು ಶೆಡ್ಡಿಗೆ ಬರುವ ಹಿಂದಿನ ದಿನವೂ ಮೇಸ್ತ್ರಿ ಎಂದಿನಂತೆ ಮೊಣಕೈವರೆಗೆ ಎಣ್ಣೆ ತೊಳೆದು, ಬೈರಾಸಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಕೆಲಸಕ್ಕೆ ಕೂತರು. ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ.

ಬ್ರಹ್ಮಾವರದ ಹತ್ತಿರ ನಮ್ಮದು ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್. ಬೈಂದೂರಿನಿಂದಲೂ ಸುಟ್ಟವು ಬರುತ್ತಿದ್ದವು. ಬಿಚ್ಚಿ ಕಟ್ಟುವವರು ನಾವಿಬ್ಬರೇ. ಅವರು ಕಟ್ಟಿದ್ದಕ್ಕೆ ಬಳಪದಲ್ಲಿ ಸೊನ್ನೆ, ನಾನು ಕಟ್ಟಿದ್ದಕ್ಕೆ ಗೀಟು. ಒಳಗಿನ ತೆಳು ಉಕ್ಕಿನ ತಗಡುಗಳನ್ನು ಅವರು ಅಂಗೈಯಲ್ಲಿ ಒತ್ತಿ ಕೂರಿಸುತ್ತಿದ್ದರು. ನಾನು ಸುತ್ತಿಗೆಯಲ್ಲಿ ಬಡಿದು ಅರ್ಧ ಹೊತ್ತಿನಲ್ಲಿ ಮುಗಿಸುತ್ತಿದ್ದೆ.

“ಹಪ್ಳ ಒಣ್ಸುಕೆ ಕೂಕಂಡದ್ದಾ ಮೇಸ್ತ್ರಿ?” ಎಂದು ಚುಚ್ಚುತ್ತಿದ್ದೆ.

“ಹ್ವಾಯ್, ಬಡೂದ್ ಎಂತಕೆ ಮಾರಾಯ? ಬಡ್ದ್ರೆ ಅದ್ ಕರೆಂಟ್ ತಿಂತ್. ಬಾ, ಕಲ್ಸಿ ಕೊಡ್ತೆ.”

ನಾನು ಹೋಗಲಿಲ್ಲ. ಶಂಕರನಾರಾಯಣ ಊರಿನ ಅಕ್ಕಿ ಗಿರಣಿಯವರು ಬಂದರೆ ನನ್ನ ಮುಖ ನೋಡಿಯೇ “ಮೇಸ್ತ್ರಿ ಇಲ್ಯಾ?” ಎನ್ನುತ್ತಿದ್ದರು. ಅಂಥ ದಿನ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಯಾರೂ ದೀಪ ಹಾಕದಿದ್ದರೂ ಟ್ರಾನ್ಸ್‌ಫಾರ್ಮರ್ ತಾನೇ ಒಂದಿಷ್ಟು ವಿದ್ಯುತ್ ತಿನ್ನುತ್ತದೆ. ಅದು ಮಿತಿ ದಾಟಿದರೆ ಕಂಬಕ್ಕೆ ಏರಿಸುವಂತಿಲ್ಲ ಎಂದು ಹೊಸ ನಿಯಮ ಬಂದಿತ್ತು. “ಫೇಲಾದವ ಕಟ್ಟೂ ಕೆಲ್ಸ ಬಿಡ್ಕ್” ಎಂದು ಶೆಡ್ಡಿನ ಧಣಿ ನಮ್ಮಿಬ್ಬರಿಗೂ ಹೇಳಿದ್ದರು. ಮರುದಿನ ವಿದ್ಯುತ್ ಕಂಪನಿಯ ಅಧಿಕಾರಿ ಮೀಟರು ತರುವ ಮೊದಲೇ ನಾನು ಶೆಡ್ಡಿಗೆ ಹೋಗಿ, ಪರೀಕ್ಷೆಗೆ ಇಟ್ಟಿದ್ದ ಎರಡು ಟ್ರಾನ್ಸ್‌ಫಾರ್ಮರ್‌ಗಳ ಗುರುತು ಒರೆಸಿದೆ. ಅವರದಕ್ಕೆ ಗೀಟು ಹಾಕಿದೆ, ನನ್ನದಕ್ಕೆ ಸೊನ್ನೆ.

ಗೀಟಿನದು ಪಾಸಾಯಿತು. ಸೊನ್ನೆಯದು ಮಿತಿ ದಾಟಿತು.

ಮೇಸ್ತ್ರಿ ಅದರ ಮುಚ್ಚಳ ಬಿಚ್ಚಿ, ಬಗ್ಗಿ, ತಗಡಿನ ಅಂಚಿನ ಮೇಲೆ ಉಗುರಿಲ್ಲದ ಹೆಬ್ಬೆರಳು ಆಡಿಸಿದರು. ಸುತ್ತಿಗೆಯ ಗುರುತು ಸಾಲಾಗಿ ಇತ್ತು. ನನ್ನ ಕಡೆ ಒಮ್ಮೆ ನೋಡಿದರು.

“ನಂದೇ. ಕೈ ತಪ್ಪಿತ್,” ಎಂದರು ಧಣಿಗೆ.

ಅವರನ್ನು ಎಣ್ಣೆ ಸೋಸುವ ಕೆಲಸಕ್ಕೆ ಹಾಕಿದರು. ಅವರು ಕೂತು ಕಟ್ಟುತ್ತಿದ್ದ ಮಣೆ ನನಗೆ ಸಿಕ್ಕಿತು. ಮೊದಲ ದಿನವೇ ನನ್ನ ಸುತ್ತಿಗೆ ಕಾಣೆ. ಹುಡುಕುತ್ತಿದ್ದಾಗ ಮೇಸ್ತ್ರಿ ಪೀಪಾಯಿಯ ಪಕ್ಕದಿಂದ ಎದ್ದು ಬಂದು, ನನ್ನ ಅಂಗೈ ಹಿಡಿದು ತಗಡಿನ ಮೇಲಿಟ್ಟರು. “ಮಗೀನ್ ಕೆನ್ನಿ ಮುಟ್ದಂಗ್ ಮುಟ್ಕ್.” ಆಗಲೂ ಆ ಕೈ ನನಗೇಕಿಲ್ಲ ಎಂದೇ ಹೊಟ್ಟೆ ಉರಿಯಿತು.

ಆ ಮಳೆಗಾಲ ಮೇಸ್ತ್ರಿ ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಸುತ್ತಿಗೆ ಅವರ ಬುತ್ತಿ ಚೀಲದಲ್ಲಿತ್ತು. ಅವರ ಹೆಂಡತಿ ತಂದುಕೊಟ್ಟರು.

ನಾನು ಕಟ್ಟಿದವು ಈಗ ಪಾಸಾಗುತ್ತವೆ. ಗಿರಣಿಯವರು ನನ್ನನ್ನೇ ಮೇಸ್ತ್ರಿ ಎನ್ನುತ್ತಾರೆ.

ಆ ಸೊನ್ನೆಯದು ನನ್ನದು ಎಂದು ಅವರಿದ್ದಾಗ ನಾನು ಹೇಳಲಿಲ್ಲ.